ಎಂಟು ನಿಮಿಷದ ಗಂಟೆ

ಎರಡನೆಯ ಗುಂಡಿಗೆ ಬೇರೆ ನೂಲು, ಮೊದಲನೆಯದಕ್ಕೂ ಮೂರನೆಯದಕ್ಕೂ ಕಪ್ಪು, ನಡುವಿನದಕ್ಕೆ ಕಡುನೀಲಿ, ದೂರದಿಂದ ನೋಡಿದವರಿಗೆ ಗೊತ್ತಾಗುವುದಿಲ್ಲ, ಇಪ್ಪತ್ತೆರಡು ವರ್ಷ ಹೊಲಿಗೆ ಮೆಷಿನ್ ತುಳಿದ ಟೈಲರಮ್ಮನ ಕಣ್ಣಿಗೆ ಬೇರೇನೂ ಕಾಣುವುದಿಲ್ಲ, ಬೆಣ್ಣೆ ಎಂದು ಎಲ್ಲರೂ ಕರೆಯುವ ಸರ್ಕಾರದ ಕಡೆಯವನ ಕೋಟಿಗೆ ಆ ಗುಂಡಿಯನ್ನು ಅವನ ಹೆಂಡತಿ ಹಾಕಿಲ್ಲ, ಹಾಕಿದ್ದರೂ ಸಿಟ್ಟಿನಲ್ಲಿ ಹಾಕಿದ್ದಾಳೆ, ಅದು ಅವರ ಮನೆ ಜಗಳ, ಅವಳಿಗೆ ಬೇಕಾದದ್ದು ಗುಂಡಿಯ ಹಿಂದಿನ ಒಳಜೇಬು, ಅಲ್ಲಿ ಏನೋ ಉಬ್ಬಿದೆ, ಮಡಚಿಟ್ಟ ಕಾಗದದಷ್ಟು, ಬೆಳಿಗ್ಗೆ ಉಬ್ಬಿರಲಿಲ್ಲ — ಇಲ್ಲ, ಬೆಳಿಗ್ಗೆ ಇವನು ಕೋಟು ಹಾಕಿರಲೇ ಇಲ್ಲ — ಅಷ್ಟರಲ್ಲಿ ಗಂಟೆ ಹೊಡೆಯಿತು, ಕಿವಿ ತೂತಾಗುವ ಹಾಗೆ, ಇಂಟರ್‌ವಲ್ ಮುಗಿಯಿತು ಬನ್ನಿ ಎಂದು ಕರೆಯುತ್ತಿದ್ದ ಅದೇ ಹಳೆಯ ಗಂಟೆ. ಗುಮ್ಮಟದ ಕಟ್ಟಡಕ್ಕೆ ಬಾಂಬು ಬಿದ್ದ ಮೇಲೆ ದೇಶದ ಸಂಸತ್ತು ಈ ಸಿನಿಮಾ ಥಿಯೇಟರಿಗೆ ಬಂದು ಕೂತಿದೆ, ಪರದೆ ಇದ್ದ ಕಡೆ ಅಧ್ಯಕ್ಷರ ಪೀಠ, ಟಿಕೆಟ್ ಕೌಂಟರಿನಲ್ಲಿ ಪಾಸು, ಟಿಕೆಟ್ ಹರಿಯುತ್ತಿದ್ದ ಗೇಟ್‌ಕೀಪರ್ ಈಗಲೂ ಬಾಗಿಲಲ್ಲೇ ನಿಂತಿದ್ದಾನೆ, ಹಿತ್ತಾಳೆ ಚಿಲಕದ ಮೇಲೆ ಕೈ ಇಟ್ಟುಕೊಂಡು. ಎಂಟು ನಿಮಿಷ ಗಂಟೆ, ಆಮೇಲೆ ಚಿಲಕ, ಒಳಗಿದ್ದವರು ಮತ ಹಾಕುತ್ತಾರೆ, ಹೊರಗಿದ್ದವರು ಹೊರಗೇ. ಅವಳೂ ಸದಸ್ಯೆಯೇ, ಆದರೆ ಹೊರಗಿನ ಬೆಂಚಿನ ಮೇಲೆ ಕೂತಿದ್ದಾಳೆ, ಎಂಟು ನಿಮಿಷದಲ್ಲಿ ಒಂದು ಪ್ಯಾಂಟಿನ ಅಂಚು ಮಡಚಿ ಹೊಲಿಯಬಹುದು, ಅಷ್ಟೇ ಹೊತ್ತು.

ಕಾಯ್ದೆ ಏನೋ ಒಂದು ಪುಟದ್ದು, ಸೈನ್ಯಕ್ಕೆ ಕರೆಯುವ ವಯಸ್ಸು ಇಪ್ಪತ್ತು ಇದ್ದದ್ದು ಹದಿನೆಂಟು, ಸಭೆಗೆ ಬಂದದ್ದು ಸೋಮವಾರ, ಆದರೆ ಅವಳ ಅಂಗಡಿಗೆ ಬಂದದ್ದು ಮೂರು ವಾರ ಮುಂಚೆ, ಯಾರಿಗೂ ಗೊತ್ತಿಲ್ಲ ಇದು, ಗಂಡ ಸಮವಸ್ತ್ರದ ಹೊಸ ಆರ್ಡರ್ ಹಿಡಿದುಕೊಂಡು ಬಂದು, ಇದೇನೇ ಇದು, ಎದೆ ಮೂವತ್ತೆರಡು ಅಂತ ಬರ್ದಿದ್ದಾರೆ, ಸ್ಕೂಲ್ ಮಕ್ಕಳಿಗಾ ಅಂದ, ನಕ್ಕ ಕೂಡ, ಅವಳು ನಗಲಿಲ್ಲ, ಎದೆ ಮೂವತ್ತೆರಡು, ತೋಳು ಇಪ್ಪತ್ತೆರಡು, ನಾನೂರು ಅಂಗಿ, ಅವತ್ತೇ ಅವಳಿಗೆ ತಿಳಿಯಿತು, ಮತ ಇನ್ನೂ ಬಿದ್ದಿಲ್ಲ, ಬಟ್ಟೆ ಆಗಲೇ ಕತ್ತರಿಸಿ ಆಗಿದೆ. ಮಗನಿಗೆ ಬರುವ ತಿಂಗಳು ಹದಿನೆಂಟು. ಅವನ ಎದೆ ಎಷ್ಟು ಎಂದು ಟೇಪು ಹಿಡಿಯದೆ ಅವಳು ಹೇಳಬಲ್ಲಳು, ಆದರೂ ಭಾನುವಾರ ಹಿಡಿದಳು, ಏನಮ್ಮಾ ಹೊಸ ಅಂಗಿನಾ, ಹೂಂ ಕಣೋ, ಯಾವ ಬಣ್ಣ, ಸುಮ್ನೆ ನೆಟ್ಟಗೆ ನಿಂತ್ಕೋ, ಅವನು ಉಸಿರು ಹಿಡಿದು ಎದೆ ಉಬ್ಬಿಸಿದ, ಬಿಡೋ ಉಸಿರು ಅಂದರೂ ಬಿಡಲಿಲ್ಲ, ಉಬ್ಬಿಸಿದ್ದೂ ಸೇರಿ ಮೂವತ್ತೆರಡೂವರೆ. ನಾಲ್ಕು ವರ್ಷಕ್ಕೆಂದು ಗೆದ್ದು ಬಂದವಳು ಆರನೆಯ ವರ್ಷದಲ್ಲಿದ್ದಾಳೆ, ಯುದ್ಧ ಮುಗಿಯುವ ತನಕ ಚುನಾವಣೆ ಬೇಡವೆಂದು ಸಭೆ ತನ್ನ ಆಯುಸ್ಸನ್ನು ತಾನೇ ಎರಡು ಸಲ ಬೆಳೆಸಿಕೊಂಡಿತು, ಆ ಒಂದು ವಿಷಯಕ್ಕೆ ಮಾತ್ರ ಎರಡೂ ಕಡೆಯವರು ಒಟ್ಟಿಗೆ ಕೈ ಎತ್ತಿದ್ದರು, ಗಡಿ ಕಡೆಯ ಮೂವತ್ತು ಸೀಟು ಶತ್ರುವಿನ ಕೈಗೆ ಹೋಗಿ ಖಾಲಿ, ಮೂವರು ಸೆರೆಯಲ್ಲಿ, ಉಳಿದವರನ್ನು ಎಷ್ಟು ಸಲ ಎಣಿಸಿದರೂ ಲೆಕ್ಕ ಒಂದೇ, ಸರ್ಕಾರದ ಕಡೆ ತೊಂಬತ್ತೆರಡು, ಇವರ ಕಡೆ ಅವಳನ್ನು ಬಿಟ್ಟು ತೊಂಬತ್ತೊಂದು. ಅವಳೊಬ್ಬಳು ಒಳಗೆ ಹೋದರೆ ಸಮ. ಸಮವಾದರೆ ಕಾಯ್ದೆ ಬಿದ್ದುಹೋಗುತ್ತದೆ, ನಿಯಮ ಹಾಗೆ.

ಹೋಗುವ ಹಾಗಿಲ್ಲ. ಜೋಡಿ ಇದೆ. ಜೋಡಿ ಎಂದರೆ ಅಕ್ಕ ಮೊದಲು ಕೇಳಿ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದಳು, ಈ ವಯಸ್ಸಲ್ಲಿ ನಿನಗೆ ಅಲ್ಲೊಂದು ಜೋಡಿ ಬೇರೆ ಹುಡುಕಿ ಕೊಟ್ರಾ ಅಂತ, ಅದು ಹಾಗಲ್ಲ ಅಕ್ಕ, ಆ ಕಡೆಯವನೊಬ್ಬ ಯುದ್ಧಕ್ಕೆ ಹೋದರೆ ಈ ಕಡೆಯವರೊಬ್ಬರು ಅವನು ಬರುವ ತನಕ ಮತ ಹಾಕುವುದಿಲ್ಲ ಎಂದು ಕೈ ಹಿಡಿದು ಮಾತು ಕೊಡುತ್ತಾರೆ, ಇಲ್ಲದಿದ್ದರೆ ಗಡಿಗೆ ಹೋದವನ ಪಕ್ಷಕ್ಕೆ ಒಂದು ಮತ ನಷ್ಟ, ಇದು ಎಲ್ಲೂ ಬರೆದದ್ದಲ್ಲ, ಬರೀ ಮಾತು. ಗಡಿಯ ಆಸ್ಪತ್ರೆಗೆ ಹೋದ ಡಾಕ್ಟರಿಗೆ ಅವಳು ಹಾಗೆ ಮಾತು ಕೊಟ್ಟು ಏಳು ತಿಂಗಳು, ಇದೇ ಕೌಂಟರಿನ ಮುಂದೆ, ಸರ್ಕಾರದ ಕಡೆಯವನಾದರೂ ಮನುಷ್ಯ, ಟೈಲರಮ್ಮ, ನಾನು ಅಲ್ಲಿ ಹೊಲಿಗೆ ಹಾಕ್ತಿರ್ತೀನಿ, ನೀವು ಇಲ್ಲಿ ಬಾಯಿಗೆ ಹೊಲಿಗೆ ಹಾಕ್ಕೊಂಡಿರಿ ಅಂದಿದ್ದ, ಅಂಗೈ ಬೆಚ್ಚಗಿತ್ತು, ಒದ್ದೆ ಇತ್ತು, ಹೆದರಿದ್ದ ಪಾಪ. ಮತ್ತೆ ಇವತ್ತು ಬೆಣ್ಣೆ ಅವಳಿಗೆ ಟೀ ತಂದುಕೊಟ್ಟದ್ದು ಯಾಕೆ, ಸರ್ಕಾರದ ಮಂದಿಯನ್ನು ಮತಕ್ಕೆ ಅಟ್ಟಿಕೊಂಡು ಬರುವ ಸಚೇತಕ, ಆರು ವರ್ಷದಲ್ಲಿ ಒಂದು ಲೋಟ ನೀರು ಕೊಟ್ಟವನಲ್ಲ, ಇವತ್ತು ಸ್ವತಃ ಕಪ್ಪು ಹಿಡಿದು, ಬಿಸಿ ಇದೆ ನಿಧಾನ ಮೇಡಂ, ಡಾಕ್ಟ್ರು ಚೆನ್ನಾಗಿದ್ದಾರಂತೆ, ನಿಮ್ಮನ್ನ ಕೇಳಿದ್ರಂತೆ. ಚೆನ್ನಾಗಿದ್ದಾರೆ ಎಂದು ಕೇಳದೆಯೇ ಹೇಳಿದವನ ಮಾತಿನಲ್ಲಿ ಏನೋ ಇದೆ. ಡಾಕ್ಟರು ಸತ್ತಿರಬೇಕು — ಹಾಗೆ ಹೊಳೆದದ್ದೇ ಅವಳ ಮೈ ಹಗುರವಾಯಿತು, ಸತ್ತವನ ಜೊತೆ ಜೋಡಿ ಇಲ್ಲ, ಸತ್ತಿದ್ದರೆ ಅವಳು ಒಳಗೆ ಹೋಗಬಹುದು, ಸುದ್ದಿ ಮುಚ್ಚಿಟ್ಟಿದ್ದಾರೆ, ಮತ ಮುಗಿದ ಮೇಲೆ ಎದ್ದು ನಿಂತು ಮೌನ ಆಚರಿಸುತ್ತಾರೆ, ದೇವರೇ ಸತ್ತಿರಲಿ, ಅಯ್ಯೋ ಏನು ಬೇಡಿಕೊಂಡೆ ನಾನು, ಎರಡು ಸಣ್ಣ ಮಕ್ಕಳಿವೆ ಅವರಿಗೆ. ಟೀ ಕುಡಿಯಲಿಲ್ಲ ಅವಳು, ಬೆಂಚಿನ ಕೆಳಗಿಟ್ಟಳು, ಈಗಲೂ ಅಲ್ಲೇ ಇದೆ, ಕೆನೆ ಕಟ್ಟಿದೆ. ತನ್ನ ಬಗ್ಗೆಯೇ ಅವಳಿಗೆ ಅಸಹ್ಯವಾಯಿತು.

ಸತ್ತಿಲ್ಲ. ಸತ್ತಿಲ್ಲ ಎಂದು ಹೆಂಡತಿಯೇ ಫೋನ್ ಮಾಡಿದಳಲ್ಲ, ಗಂಟೆಗೆ ಮುಕ್ಕಾಲು ತಾಸು ಮುಂಚೆ, ಟಿಕೆಟ್ ರೂಮಿನ ಫೋನಿಗೆ, ಅಕ್ಕಾ ನಾನು ಡಾಕ್ಟ್ರ ಮನೆಯವಳು, ಇವರ ಪತ್ರ ಬಂದಿದೆ, ನಿಮ್ಮನ್ನ ಜೋಡಿಯಿಂದ ಬಿಟ್ಟಿದ್ದೀನಿ ಅಂತ ಬರ್ದಿದ್ದಾರೆ, ನೀವು ಇವತ್ತು ಮತ ಹಾಕಿ ಅಕ್ಕಾ, ಅವರಿಗೆ ಹೋದ ಪತ್ರದಲ್ಲೂ ಅದನ್ನೇ ಬರ್ದಿದ್ದಾರಂತೆ, ನಿಮಗೆ ಹೇಳ್ಲಿಲ್ವಾ. ಅವರಿಗೆ ಎಂದರೆ ಬೆಣ್ಣೆಗೆ. ಬೆಣ್ಣೆಗೆ ಈಕೆ ದೂರದಲ್ಲಿ ತಂಗಿ ಆಗಬೇಕು, ಅದನ್ನು ಟೈಲರಮ್ಮ ಮರೆಯುತ್ತಾಳೆಯೇ, ಮದುವೆ ಮಾಡಿಸಿದ್ದೇ ಬೆಣ್ಣೆ, ಡಾಕ್ಟರೇ ಹೇಳಿದ್ದ. ಪತ್ರ ಓದಮ್ಮ ಅಂದರೆ, ನೆರೆಮನೆ ಫೋನು ಅಕ್ಕಾ, ಪತ್ರ ಮನೇಲಿದೆ, ತಗೊಂಡು ಬಸ್ಸಿಗೆ ಬಂದುಬಿಡ್ತೀನಿ, ನೀವು ಮಾತ್ರ ಕಾಯಬೇಡಿ, ಒಳಗೆ ಹೋಗಿ ಅಂದಳು. ಎಷ್ಟು ಚೆನ್ನಾಗಿ ಹೊಲಿದಿದ್ದಾರೆ, ಪತ್ರ ಉಂಟು ಆದರೆ ಕೈಯಲ್ಲಿಲ್ಲ, ಬರುತ್ತಾಳೆ ಆದರೆ ಬಸ್ಸಿಗೆ, ಕಾಯಬೇಡಿ ಅಂತ ಬೇರೆ. ಗಂಡ ಹೇಳುತ್ತಿರುತ್ತಾನೆ, ನಿನಗೆ ಮೇಲಿನ ಬಟ್ಟೆ ಕಾಣಲ್ಲ ಕಣೇ, ಎಲ್ಲಾನೂ ಒಳಗಡೆ ತಿರುಗಿಸಿ ಹೊಲಿಗೆ ನೋಡ್ತೀಯ, ಬದುಕೋದು ಯಾವಾಗ ಅಂತ, ನೋಡಿದ್ದಕ್ಕೇ ಬದುಕಿದ್ದೇನೆ ಮಹಾರಾಯ, ನೋಡದೆ ಹೋದವನು ನಮ್ಮ ಪಕ್ಷದ ವಕೀಲಪ್ಪ. ವಕೀಲಪ್ಪನಿಗೂ ಹೀಗೇ ಫೋನ್ ಬಂದಿತ್ತು ಚಳಿಗಾಲದಲ್ಲಿ, ನಿಮ್ಮ ಜೋಡಿ ಬಿಟ್ಟಾಯ್ತು ಎಂದು, ಪಾಪದ ಮನುಷ್ಯ ಹೋಗಿ ಮತ ಹಾಕಿದ, ಮರುದಿನ ಪತ್ರಿಕೆಯ ತುಂಬ, ಗಡಿಯಲ್ಲಿರುವ ಯೋಧನ ಬೆನ್ನಿಗೆ ಚೂರಿ, ಆ ಮತ ಹೊಡೆದುಹಾಕಿದರು, ಸೀಟು ಹೋಯಿತು, ಅದೆಲ್ಲ ಹಾಳಾಗಲಿ, ಮಗನಿಗೆ ಉಬ್ಬಸ ಎಂದು ಕೊಟ್ಟಿದ್ದ ವಿನಾಯಿತಿ ಒಂದೇ ವಾರದಲ್ಲಿ ರದ್ದು, ಸೈನ್ಯಕ್ಕೆ ಕರೆಯುವ ಪಟ್ಟಿ ಇರುವುದು ಸರ್ಕಾರದವರ ಕೈಯಲ್ಲಿ, ಹುಡುಗ ಹೋದ, ವಸಂತಕ್ಕೆ ಪೆಟ್ಟಿಗೆಯಲ್ಲಿ ಬಂದ. ಹಾಗಾದರೆ ಅವಳು ಒಳಗೆ ಹೋಗಿ ಪತ್ರ ಸುಳ್ಳೆಂದಾದರೆ ಮತ ಹೊಡೆದುಹಾಕುತ್ತಾರೆ, ಕಾಯ್ದೆಯೂ ಪಾಸಾಗುತ್ತದೆ, ಪಟ್ಟಿಯಲ್ಲಿ ಮೊದಲ ಹೆಸರು ತನ್ನ ಮಗನದು. ಫೋನ್ ಇಟ್ಟ ಮೇಲೆ ಬೆಣ್ಣೆಯನ್ನೇ ನೇರವಾಗಿ ಕೇಳಿದಳು, ಡಾಕ್ಟ್ರು ನಿಮಗೆ ಪತ್ರ ಬರ್ದಿದ್ದಾರಾ, ಅವನ ಕೈ ಎಡಜೇಬಿನ ಹತ್ತಿರ ಹೋಗಿ ಟೈ ಸರಿ ಮಾಡಿತು, ಯಾವ ಪತ್ರ ಮೇಡಂ, ಪಾಪ ನಮ್ಮ ತಂಗಿಗೆ ಒಬ್ಬಳೇ ಇದ್ದು ಇದ್ದು ತಲೆ ಸರಿ ಇಲ್ಲ, ಏನೇನೋ ಹೇಳ್ತಾಳೆ, ನೀವು ಮನಸ್ಸಿಗೆ ಹಚ್ಕೋಬೇಡಿ. ಮತ್ತು ಮುಗುಳ್ನಕ್ಕ. ಅವನು ಇಲ್ಲ ಅಂದದ್ದೇ ಗಾಳ, ಇಲ್ಲ ಅಂದರೆ ಇದೆ ಎಂದು ಇವಳು ನಂಬುತ್ತಾಳೆ ಎಂದು ಗೊತ್ತು ಅವನಿಗೆ, ತಂಗಿ ಎಳೆಯುವುದು, ಅಣ್ಣ ತಳ್ಳುವುದು, ಬೀಳುವವಳು ಟೈಲರಮ್ಮ.

ಗಂಟೆ ಹೊಡೆಯುತ್ತಲೇ ಇದೆ. ಅವಳ ಪಕ್ಷದ ದೊಡ್ಡಣ್ಣ ಕೋಲೂರಿಕೊಂಡು ಬಂದು, ಏನು ಯೋಚನೆ ಮಾಡ್ತಿದ್ದೀಯಮ್ಮಾ, ಒಳಗೆ ನಡಿ, ಆಮೇಲೆ ನೋಡ್ಕೊಳ್ಳೋಣ ಅಂದ, ಆಮೇಲೆ ನೋಡಿಕೊಳ್ಳುವವರು ಯಾರು, ವಕೀಲಪ್ಪನಿಗೂ ಇವನೇ ಹಾಗಂದಿದ್ದ, ವಕೀಲಪ್ಪನ ಸೀಟಿನಲ್ಲಿ ಚುನಾವಣೆಯಿಲ್ಲದೆ ಪಕ್ಷ ಕೂರಿಸಿರುವುದು ಇವನ ಭಾವಮೈದುನನನ್ನು, ನೀವು ಹೋಗಿ ಅಣ್ಣ, ಬರ್ತೀನಿ ಅಂದಳು, ಅವನು ಹೋದ, ಗೇಟ್‌ಕೀಪರನ ಅಂಗೈ ಚಿಲಕದ ಮೇಲೆ, ಸವೆದು ಬೆಳ್ಳಗಾದ ಹಿತ್ತಾಳೆ. ಅವಳು ಎದ್ದಳು, ನಾಲ್ಕು ಹೆಜ್ಜೆ ಇಟ್ಟಳು, ಕಣ್ಣ ಮುಂದೆ ಮಗ ಉಸಿರು ಹಿಡಿದು ನಿಂತಿದ್ದ, ಮೂವತ್ತೆರಡೂವರೆ, ಪತ್ರ ನಿಜವಿದ್ದರೆ, ಒಂದು ವೇಳೆ ನಿಜವೇ ಇದ್ದರೆ, ಫೋನಿನಲ್ಲಿ ಆಕೆಯ ದನಿ ಅಳುವವರ ದನಿಯ ಹಾಗಿರಲಿಲ್ಲ, ಅವಸರದಲ್ಲಿದ್ದವರ ದನಿಯ ಹಾಗಿತ್ತು, ಸುಳ್ಳು ಹೇಳುವವರಿಗೂ ಅವಸರವೇ, ಬಾಗಿಲಾಚೆ ಬೆಣ್ಣೆ ನಿಂತು ತನ್ನನ್ನೇ ನೋಡುತ್ತಿದ್ದಾನೆ, ಅವನ ಹಿಂದೆ ಪತ್ರಿಕೆಯವರು ಇಬ್ಬರು ಪೆನ್ನು ತೆಗೆದು, ಅವರನ್ನು ಅಲ್ಲಿ ನಿಲ್ಲಿಸಿದ್ದು ಯಾರು, ಅವರು ದಿನಾ ಅಲ್ಲೇ ನಿಲ್ಲುತ್ತಾರೋ, ದಿನಾ ನಿಲ್ಲುವುದು ಬಾಲ್ಕನಿಯಲ್ಲಿ ಅಲ್ಲವೇ, ಅವಳಿಗೆ ನೆನಪಾಗಲೊಲ್ಲದು, ಮತ್ತೆ ಬಂದು ಕೂತಳು. ಚಿಲಕ ಇನ್ನೂ ಬಿದ್ದಿಲ್ಲ. ಮತ್ತೆ ಎದ್ದಳು. ಈ ಸಲ ಬೆಣ್ಣೆಯ ಮುಖ ಬಿಳುಚಿತು, ಅವಳು ಕಂಡಳು, ಹೆದರಿದವನ ಮುಖ, ಅಥವಾ ಹೆದರಿದಂತೆ ಮಾಡುವವನ ಮುಖ, ಎರಡಕ್ಕೂ ಬಟ್ಟೆ ಒಂದೇ, ಒಳಗಡೆ ತಿರುಗಿಸಿ ನೋಡಲು ಹೊತ್ತಿಲ್ಲ. ಒಳಗೆ ಬರ್ತೀರಾಮ್ಮ, ಬಾಗಿಲು ಹಾಕ್ತೀನಿ ಅಂದ ಗೇಟ್‌ಕೀಪರ್, ಯಾವ ಸದಸ್ಯರನ್ನೂ ಕೇಳದವನು ನನ್ನನ್ನೇ ಯಾಕೆ ಕೇಳಿದ, ಇವನಿಗೂ ಹೇಳಿಕೊಟ್ಟಿದ್ದಾರೆ, ಗಂಟೆ ನಿಂತಿತು, ಕಿವಿಯಲ್ಲಿ ಗುಂಯ್ ಎಂದು ಉಳಿಯಿತು, ಇಲ್ಲ, ಹಾಕಿ, ಅಂದಳು ಅವಳು. ಚಿಲಕ ಬಿತ್ತು, ಆಮೇಲೆ ಅವಳ ಮೈಯೆಲ್ಲ ಸಡಿಲವಾಯಿತು, ಬಲೆಯಿಂದ ತಪ್ಪಿಸಿಕೊಂಡೆ ಅನ್ನಿಸಿತು, ನೀರು ಕುಡಿಯಬೇಕು ಅನ್ನಿಸಿತು, ಎರಡು ನಿಮಿಷವೂ ಆಗಿರಲಿಲ್ಲ.

ಮೆಟ್ಟಿಲ ಮೇಲೆ ಯಾರೋ ಓಡಿ ಬರುವ ಸದ್ದು, ಕಿತ್ತುಹೋದ ಚಪ್ಪಲಿಯನ್ನು ಕೈಯಲ್ಲಿ ಹಿಡಿದ ಹೆಂಗಸು, ಡಾಕ್ಟರ ಹೆಂಡತಿ, ಫೋಟೋದಲ್ಲಿ ನೋಡಿದ್ದಕ್ಕಿಂತ ಸಣ್ಣವಳು, ಏದುಸಿರು ಬಿಡುತ್ತ, ಅಕ್ಕಾ, ಬಸ್ಸು ಸೇತುವೆ ಹತ್ರ ನಿಲ್ಲಿಸಿಬಿಟ್ರು, ಅಲ್ಲಿಂದ ಓಡ್ಕೊಂಡೇ ಬಂದೆ, ಎಂದವಳು ಬಾಗಿಲನ್ನು ನೋಡಿದಳು, ಬೆಂಚನ್ನು ನೋಡಿದಳು, ಒಳಗೆ ಹೋಗ್ಲಿಲ್ವಾ ನೀವು. ನಾನು ಹೇಳಿದ್ನಲ್ಲ ಅಕ್ಕಾ, ಕಾಯಬೇಡಿ ಅಂತ ಹೇಳಿದ್ನಲ್ಲ. ಪತ್ರವನ್ನು ಕೈಗೆ ಕೊಟ್ಟಳು, ಬೆವರಿಗೆ ಮೆತ್ತಗಾಗಿದೆ, ಟೈಲರಮ್ಮ ಅದನ್ನು ತಿರುಗಿಸಿದಳು, ಹಿಂದೆ ನೋಡಿದಳು, ಬೆಳಕಿಗೆ ಹಿಡಿದಳು, ಎಲ್ಲಾದರೂ ಒಂದು ಎಳೆ ಬಿಟ್ಟಿರಲಿ, ತಾರೀಖು ತಪ್ಪಿರಲಿ, ಅಕ್ಷರ ಬೇರೆಯವರದಾಗಿರಲಿ, ಸುಳ್ಳಾಗಿರಲಿ ದೇವರೇ ಇದು ಸುಳ್ಳಾಗಿರಲಿ, ಸೈನ್ಯದ ಅಂಚೆಯ ಮುದ್ರೆ ಸರಿಯಿದೆ, ಹೋದ ವಾರದ್ದು, ಅಕ್ಷರ ಡಾಕ್ಟರದ್ದೇ, ಎಡಕ್ಕೆ ಬಾಗಿದ್ದು, ಮೂಲೆಯಲ್ಲಿ ಅಯೋಡಿನ್ ಕಲೆ. ಬರೆದದ್ದು ಇಷ್ಟು, ನನ್ನ ಆಪರೇಷನ್ ಮೇಜಿನ ಮೇಲೆ ಬರುವವರು ವಯಸ್ಸು ಇಪ್ಪತ್ತು ಎಂದು ಬರೆಸಿ ಬಂದವರು, ಅಂಗಿ ಕತ್ತರಿಸಿ ನೋಡಿದರೆ ಮಕ್ಕಳು, ಇನ್ನೂ ಚಿಕ್ಕವರನ್ನು ಕಳಿಸುತ್ತಾರಂತೆ, ಟೈಲರಮ್ಮನಿಗೆ ಹೇಳು, ನಾನು ಹಿಡಿದ ಕೈ ಬಿಟ್ಟಿದ್ದೇನೆ, ಅವರು ಹೋಗಿ ಮತ ಹಾಕಲಿ, ಅವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ, ನೀನೇ ಹೋಗಿ ಕೈಯಲ್ಲಿ ಕೊಡು. ಒಳಗಿನಿಂದ ಅಧ್ಯಕ್ಷರ ದನಿ, ಪರವಾಗಿ ತೊಂಬತ್ತೆರಡು, ವಿರುದ್ಧವಾಗಿ ತೊಂಬತ್ತೊಂದು, ಮೇಜು ತಟ್ಟುವ ಸದ್ದು, ಡಾಕ್ಟರ ಹೆಂಡತಿ ಚಪ್ಪಲಿ ಹಿಡಿದುಕೊಂಡೇ ಬೆಂಚಿನ ತುದಿಯಲ್ಲಿ ಕೂತಳು, ನಿಮ್ಮ ಮಗನಿಗೆ ಎಷ್ಟು ವಯಸ್ಸು ಅಕ್ಕಾ ಅಂತ ಕೇಳಿದಳು, ಗೇಟ್‌ಕೀಪರ್ ಬಾಗಿಲು ತೆಗೆದ, ಜನ ಹೊರಗೆ ಬರುತ್ತಿದ್ದಾರೆ, ಯಾರೋ ಭುಜ ತಗುಲಿಸಿ ಹೋದರು, ಬಾಗಿಲು ಹಾರು ಹೊಡೆದಿದೆ, ಆದರೂ ಅವಳ ಕಣ್ಣಿಗೆ ಹಾಕಿಯೇ ಇದೆ, ಹಾಕಿ ಅಂದದ್ದು ಅವನಲ್ಲ, ಬೆಣ್ಣೆಯಲ್ಲ, ಇವಳಲ್ಲ, ಹಾಕಿ ಅಂದದ್ದು ನಾನು, ಅವನು ಕೇಳಿದ, ನಾನು ಹಾಕಿ ಅಂದೆ, ಹಿತ್ತಾಳೆ, ಸವೆದದ್ದು, ಅದರ ಮೇಲೆ ಅವನ ಅಂಗೈ, ಹಾಕಿ ಅಂದೆ, ಚಿಲಕ ಕೆಳಗೆ ಬಿತ್ತು, ಚಿಲಕ —