ಗಡಿಯಾರಕ್ಕೆ ಎದುರು ತೂಕ

ಗೋಡೆಗೂ ಕಿವಿ ಇರುತ್ತದೆ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಆದರೆ ನಮ್ಮ ಮನೆಯ ಗೋಡೆಗೆ ಇರುವುದು ಕಿವಿ ಮಾತ್ರ, ಮೂಳೆಯಿಲ್ಲ. ಈಚೆಗೊಂದು ಜಿಪ್ಸಮ್ ಬೋರ್ಡು, ಆಚೆಗೊಂದು, ನಡುವೆ ಗಾಳಿ. ಪಕ್ಕದ ಮನೆಯ ಟೈಲರ್ ಸೀನಿದರೆ ನಮ್ಮ ಕ್ಯಾಲೆಂಡರಿನ ಹಾಳೆ ಮಗುಚುತ್ತದೆ. ಒಂದನೇ ತಾರೀಕು ಬಂತೆಂದು ನಂಬಿ ನಾನು ಸಂಬಳ ಕೇಳಲು ಹೋಗಿ ಬೈಸಿಕೊಂಡಿದ್ದೂ ಉಂಟು.

ಇಂಥ ಗೋಡೆಗೆ ಅತ್ತೆಯವರ ಗಡಿಯಾರ ಬಂತು. ಆಳೆತ್ತರದ ತೇಗದ ಪೆಟ್ಟಿಗೆ, ಒಳಗೆ ಹಿತ್ತಾಳೆಯ ಲೋಲಕ, ಸೀಸದ ಗುಂಡುಗಳು. ಹೊತ್ತು ತರಲು ನಾಲ್ವರು ಆಳು, ಸಲಹೆ ಕೊಡಲು ನನ್ನ ಷಡ್ಡಕ.

ನನ್ನ ಹೆಂಡತಿ ಆ ಗಡಿಯಾರದ ಸದ್ದಿನಲ್ಲೇ ಬೆಳೆದವಳು. ಅದು ಕೇಳಿಸದೆ ಮದುವೆಯಾದಾಗಿನಿಂದ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಿಲ್ಲ. ನನ್ನನ್ನು ತಿವಿದು ಎಬ್ಬಿಸಿ, "ರೀ, ಸ್ವಲ್ಪ ಟಿಕ್ ಟಿಕ್ ಅನ್ರೀ," ಎನ್ನುತ್ತಾಳೆ. ಅಂದಿದ್ದೇನೆ. ಬೆಳಗಿನ ಜಾವ ಗಂಟೆಯನ್ನೂ ಹೊಡೆದಿದ್ದೇನೆ. ಅವಳ ಕಣ್ಣು ಮುಚ್ಚಿಲ್ಲ.

ಅತ್ತೆ ಕಡ್ಡಿ ಮುರಿದಂತೆ ಹೇಳಿದರು: "ಭಾನುವಾರ ಬಂದು ನೋಡ್ತೀನಿ. ಗೋಡೆ ಮೇಲೆ ನೆಟ್ಟಗಿದ್ರೆ ನಿಮ್ದು. ಒಂದು ಬೆರಳಷ್ಟು ವಾಲಿದ್ರೂ ಚಿಕ್ಕಳಿಯಂದ್ರ ಮನೆಗೆ. ಅವರದ್ದು ಕಲ್ಲಿನ ಗೋಡೆ."

ಷಡ್ಡಕ ನಮ್ಮ ಗೋಡೆಯನ್ನು ಬೆರಳಿನಿಂದ ಬಾರಿಸಿ, "ಅಣ್ಣ, ಇದನ್ನ ಗೋಡೆ ಅಂತ ನೀವು ಕರೀತೀರಿ, ಪಾಪ ಇದಕ್ಕೂ ಅಭ್ಯಾಸ ಆಗಿ ನಿಂತಿದೆ," ಎಂದ.

ಹಾರ್ಡ್‌ವೇರ್ ಅಂಗಡಿಯವನು ಒಂದು ಬೋಲ್ಟು ತೋರಿಸಿದ. ಟೊಳ್ಳು ಗೋಡೆಯೊಳಗೆ ತೂರಿಸಿದರೆ ಅಲ್ಲಿ ಚಿಟ್ಟೆಯಂತೆ ರೆಕ್ಕೆ ಬಿಚ್ಚಿ ಹಿಡಿದುಕೊಳ್ಳುತ್ತದಂತೆ.

"ನನ್ನ ಗಡಿಯಾರವನ್ನ ಚಿಟ್ಟೆ ಹೊರುತ್ತಾ?" ಎಂದೆ. "ನಿಮ್ಮಲ್ಲಿರೋದ್ರಲ್ಲೇ ಉದ್ದದ್ದು ಕೊಡಿ."

ಮೊಳದುದ್ದದ ಸರಳು ಕೊಟ್ಟ. ತೂತು ಕೊರೆದು ಸರಳು ನೂಕಿದೆ. ಅದು ಹೋಗುತ್ತಲೇ ಇತ್ತು. ತುದಿ ಎಲ್ಲಿಗೆ ಹೋಯಿತೆಂದು ನಾನು ಯೋಚಿಸಲಿಲ್ಲ. ಗಡಿಯಾರ ನೇತುಹಾಕಿದೆವು. ನಿಧಾನವಾಗಿ, ಹಿರಿಯರಿಗೆ ನಮಸ್ಕಾರ ಮಾಡುವವರ ಹಾಗೆ, ಅದು ಮುಂದಕ್ಕೆ ಬಾಗತೊಡಗಿತು. ಹೆಂಡತಿ ಕಣ್ಣು ಮುಚ್ಚಿಕೊಂಡಳು, ನಿದ್ದೆಯಿಂದಲ್ಲ.

ಅಷ್ಟರಲ್ಲಿ ಗೋಡೆಯಾಚೆಯಿಂದ ಟೈಲರ್ ಕೂಗಿದ: "ಸಾರ್! ನಮ್ಮನೆ ಗೋಡೇಲಿ ಗೂಟ ಮೊಳೆತಿದೆ! ಒಂದು ಗೂಟ ಹೊಡೆಸಿ ಅಂತ ಓನರ್‌ಗೆ ಹೇಳಿ ಹೇಳಿ ಬಾಯಿ ಒಣಗಿತ್ತು!"

ಖುಷಿಗೆ ಅವನು ಆ ಗೂಟಕ್ಕೆ ಬ್ಯಾಂಡಿನವರ ಕೋಟುಗಳನ್ನೆಲ್ಲ ನೇತುಹಾಕಿದ. ಕಂಬಳಿ ದಪ್ಪದ ಬಟ್ಟೆ, ಹಿತ್ತಾಳೆ ಗುಂಡಿ. ಆ ಕಡೆ ಒಂದೊಂದು ಕೋಟು ಏರಿದಂತೆ ಈ ಕಡೆ ಗಡಿಯಾರ ಬೆನ್ನು ನೆಟ್ಟಗೆ ಮಾಡಿತು. ಗೋಡೆ ತಕ್ಕಡಿಯಾಗಿತ್ತು. ನಾನು ಮೀಸೆ ತಿರುವಿದೆ.

ಭಾನುವಾರ ಅತ್ತೆ ಷಡ್ಡಕನೊಂದಿಗೆ ಮೆಟ್ಟಿಲೇರುವ ಹೊತ್ತಿಗೆ ಸರಿಯಾಗಿ ಬ್ಯಾಂಡಿನವರು ಕೋಟು ಒಯ್ಯಲು ಬಂದರು. ಗಡಿಯಾರ ಮತ್ತೆ ನಮಸ್ಕಾರಕ್ಕೆ ಹೊರಟಿತು. ಹೆಂಡತಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದು, "ಹೋಗ್ರೀ, ಏನಾದ್ರೂ ನೇತುಹಾಕ್ರೀ!" ಎಂದಳು. ನಾನು ಪಕ್ಕದ ಮನೆಗೆ ಓಡಿದೆ.

"ಅಣ್ಣಾ, ಇವತ್ತೊಂದಿನ ಕೋಟು ಬಿಟ್ಟುಹೋಗಿ."

"ಬನಿಯನ್ನಲ್ಲಿ ನಿಂತು ತುತ್ತೂರಿ ಊದೋಕಾಗುತ್ತಾ ಸ್ವಾಮಿ?" ಎಂದು ಬ್ಯಾಂಡ್ ಮಾಸ್ತರ್ ಕೊನೆಯ ಕೋಟನ್ನೂ ಎತ್ತಿಕೊಂಡ.

ಟೈಲರ್ ನನ್ನನ್ನು ಮೇಲಿಂದ ಕೆಳಗೆ ಅಳೆದ. ಕ್ಯಾನ್ವಾಸ್ ಕೋಟೊಂದನ್ನು ನನಗೆ ತೊಡಿಸಿ, ಸ್ಟೂಲಿನ ಮೇಲೆ ನಿಲ್ಲಿಸಿ, ಕಾಲರನ್ನು ಗೂಟಕ್ಕೆ ಸಿಕ್ಕಿಸಿ, ಸ್ಟೂಲು ಎಳೆದ. ನಾನು ತೂಗಾಡಿದೆ. ಆಚೆ ಗಡಿಯಾರ ನೆಟ್ಟಗಾಯಿತು. ಕೂತು ತಿಂದು ಬೆಳೆಸಿದ ಮೈ ಅವತ್ತು ಉಪಯೋಗಕ್ಕೆ ಬಂತು.

ಗೋಡೆಯಾಚೆ ನಮ್ಮ ಮನೆಯ ಮಾತೆಲ್ಲ ಕೇಳಿಸುತ್ತಿತ್ತು.

"ಇದರಲ್ಲೇನೋ ಮೋಸ ಇದೆ ಅತ್ತೆ. ಒಂದ್ಸಲ ಜೋತುಬಿದ್ದು ನೋಡ್ತೀನಿ," ಎಂದ ಷಡ್ಡಕ. ಜೋತುಬಿದ್ದ. ನಾನು ಸರ್ರನೆ ಸೂರಿಗೇರಿದೆ. ಟೈಲರ್ ನನ್ನ ಕಾಲುಗಳನ್ನು ಹಿಡಿದು ತಾನೂ ನೇತಾಡಿದ. ಷಡ್ಡಕ ಕೈಬಿಟ್ಟ. ಇಳಿದೆವು.

"ಕಲ್ಲಿನ ಗೋಡೆಗೂ ಈ ಗಟ್ಟಿತನ ಇಲ್ಲ," ಎಂದರು ಅತ್ತೆ. "ಗಡಿಯಾರ ನಿಮ್ದೇ ಕಣೆ. ಅಳಿಯಂದ್ರೆಲ್ಲಿ?"

"ಪಕ್ಕದಲ್ಲಿ ಕೋಟಿಗೆ ಅಳತೆ ಕೊಡ್ತಿದಾರಮ್ಮ."

"ಇಷ್ಟು ಹೊತ್ತಾ?"

"ದೊಡ್ಡ ಕೋಟು."

ಬಾಗಿಲು ಮುಚ್ಚಿತು. ಅವರು ಹೋದರು. ಇನ್ನೇನು, ಅವಳು ಗಡಿಯಾರ ಹಿಡಿದುಕೊಂಡರೆ ನಾನು ಇಳಿಯಬಹುದು. ಕಾದೆ. ಟಿಕ್ ಟಿಕ್ ಕೇಳುತ್ತಿತ್ತು. ಆಮೇಲೆ ಅದರ ಹಿಂದಿನಿಂದ ಇನ್ನೊಂದು ಸದ್ದು: ಸಣ್ಣದು, ಒಂದೇ ಸಮನೆ ಬರುವಂಥದ್ದು. ಮದುವೆಯಾದ ಮೇಲೆ ಮೊದಲ ಸಲ ನನ್ನ ಹೆಂಡತಿ ಗೊರಕೆ ಹೊಡೆಯುತ್ತಿದ್ದಳು.

"ಕೂಗಿ ಸಾರ್," ಎಂದು ಟೈಲರ್ ಪಿಸುಗುಟ್ಟಿದ.

"ಎಚ್ಚರ ಆಗಿಬಿಡ್ತಾಳೆ. ಇರ್ಲಿ ಬಿಡಿ, ಗಾಳಿ ಚೆನ್ನಾಗಿದೆ."

ಅವನು ಸ್ಟೂಲನ್ನು ನನ್ನ ಪಕ್ಕಕ್ಕೆಳೆದು, ಅದರ ಮೇಲೆ ಕೂತು ಕಾಜಾ ಹೊಲಿಯತೊಡಗಿದ. ಸ್ವಲ್ಪ ಹೊತ್ತಿನಲ್ಲಿ ಸೂಜಿ ನಿಂತಿತು. ಸೀನಿಗೆ ಮೂಗು ಅರಳಿತು, ಕಣ್ಣು ಕಿರಿದಾಯಿತು. ಅವನ ಎರಡು ಕೈಯಲ್ಲೂ ಬಟ್ಟೆಯಿತ್ತು. ನನ್ನವು ಖಾಲಿಯಿದ್ದವು. ಬಾಗಿ ಅವನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.