ಆಡುವ ಹೊಲ

ಕೊನೆಯ ಗೋಲನ್ನು ಕಾವ್ಯಶ್ರೀ ನೋಡಲೇ ಇಲ್ಲ. ಗೋಲಿನ ಕಂಬಗಳ ನಡುವೆ ನಿಂತು ಅವಳು ಹುಲ್ಲು ನೋಡುತ್ತಿದ್ದಳು. ಕುರಿ ಸಾಕುವವರ ಮಗಳು. ಹುಲ್ಲು ಕಂಡಲ್ಲಿ ಕಣ್ಣು ನಿಲ್ಲುವುದು ಹುಟ್ಟುಗುಣ. ದುರ್ಗದ ಆ ಮೈದಾನದಲ್ಲಿ ಚೆಂಡು ಅಡುಗೆಮನೆಗೆ ನುಗ್ಗುವ ಬೆಕ್ಕಿನ ಹಾಗೆ ಸದ್ದಿಲ್ಲದೆ ಬರುತ್ತಿತ್ತು. ಅದು ಪಕ್ಕದಲ್ಲೇ ಹಾದು ಬಲೆಗೆ ತಗುಲಿದ ಮೇಲೆ ಅವಳಿಗೆ ಎಚ್ಚರವಾಯಿತು.

"ಎಲ್ಲಿದೀಯೇ?" ಎಂದು ನಾಯಕಿ ರಮ್ಯಾ ಕೂಗಿದಳು. ಕೂಗಿನಲ್ಲಿ ಸಿಟ್ಟಿರಲಿಲ್ಲ. ಆ ವರ್ಷ ಹಿರಿಯೂರಿನ ಕಾಲೇಜಿನ ಹುಡುಗಿಯರು ಹಾಕಿಯಲ್ಲಿ ಆಡಿದ್ದನ್ನೆಲ್ಲ ಸೋತಿದ್ದರು, ಒಂದು ಗೋಲನ್ನೂ ಹೊಡೆದಿರಲಿಲ್ಲ. ಸೋತು ಸೋತು ಸಿಟ್ಟೂ ಸವೆದುಹೋಗಿತ್ತು.

ತಪ್ಪೆಲ್ಲ ಅವರದೇ ಅಲ್ಲ. ಅವರ ಕಾಲೇಜಿನ ಮೈದಾನವೆಂದರೆ ಬರೀ ಗರಸು, ಬೆಣಚುಕಲ್ಲು. ಅಲ್ಲಿ ಚೆಂಡು ಉರುಳುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ಮೊಣಕಾಲಿಗೆ ಬಡಿಯುತ್ತದೋ ಮೂತಿಗೋ ಎಂಬ ಭಯಕ್ಕೆ ಹುಡುಗಿಯರು ಆಟಕ್ಕಿಂತ ಮೊದಲು ಹಿಂದೆ ಸರಿಯುವುದನ್ನು ಕಲಿತಿದ್ದರು. ರೋಜಾಳ ಗದ್ದಕ್ಕೆ ಹೊಲಿಗೆ ಬಿದ್ದದ್ದೂ ಅಲ್ಲಿಯೇ.

ವಾಪಸು ಬರುವ ಬಸ್ಸಿನಲ್ಲಿ ಆಟದ ಮೇಷ್ಟ್ರು ತಿಪ್ಪೇರುದ್ರಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು. "ಮುಂದಿನ ವರ್ಸ ಫೀಲ್ಡ್ ಹಿಂಗೇ ಇದ್ರೆ ನಾನು ಟೀಮ್ ಕಳ್ಸಲ್ಲಮ್ಮ. ನೀವು ಹಲ್ಲು ಮುರ್ಕಂಡ್ರೆ ನಿಮ್ಮನೇರಿಗೆ ಏನಂತ ಹೇಳ್ಲಿ?"

ಕಾವ್ಯಶ್ರೀಗೆ ಉಳಿದಿದ್ದುದು ಆ ಮುಂದಿನ ವರ್ಷ ಒಂದೇ. ಆಮೇಲೆ ಡಿಗ್ರಿ ಮುಗಿಯುತ್ತದೆ. ಕೋಲು ಹಿಡಿಯುವುದಿದ್ದರೆ ಕುರಿಯ ಹಿಂದೆಯೇ. ಅವಳು ಕಿಟಕಿಗೆ ತಲೆಯಾನಿಸಿದಳು. ಗುಡ್ಡದ ಮೇಲೆ ಗಾಳಿಯಂತ್ರಗಳು ನಿದ್ದೆಗಣ್ಣಿನಲ್ಲಿದ್ದಂತೆ ತಿರುಗುತ್ತಿದ್ದವು. ಅರೆನಿದ್ದೆಯಲ್ಲಿ ಅವರ ಗರಸಿನ ಮೈದಾನ ಹಸಿರಾಗಿತ್ತು. ಚೆಂಡು ತಾನಾಗಿ ಬಂದು ಅವಳ ಪಾದದ ಬಳಿ ನಿಲ್ಲುತ್ತಿತ್ತು. ಅಂಥ ಸುಖವನ್ನು ಅವಳು ಎಚ್ಚರದಲ್ಲಿ ಕಂಡಿರಲಿಲ್ಲ.

ಆದಿವಾಲದ ಮನೆಗೆ ಬಂದವಳೇ ಕೇಳಿದಳು. "ಅಪ್ಪಾ, ಬ್ಯಾಸಿಗೇಲಿ ನಮ್ ಕಾಲೇಜ್ ಫೀಲ್ಡ್‌ನಾಗೆ ಮಂದೆ ತರುಬ್ತೀಯಾ?"

ರಾತ್ರಿ ಕುರಿಮಂದೆ ತಂಗಿದರೆ ಹಿಕ್ಕೆ, ಗಂಜಲ ಬಿದ್ದು ನೆಲ ಹದವಾಗುತ್ತದೆಂದು ರೈತರು ಕುರಿಯವರನ್ನು ಹೊಲಕ್ಕೆ ಕರೆಯುವುದುಂಟು. ಕಾಲೇಜಿನವರು ಕರೆದದ್ದನ್ನು ಅವಳಪ್ಪ ಮುದ್ದಪ್ಪ ಕೇಳಿರಲಿಲ್ಲ.

"ಗೊಬ್ಬರ ಹಾಕಿ ಏನ್ ಬೆಳಿತೀರವ್ವ? ಆಟದಾಗೆ ಗೆಲ್ಲಾ ಕಪ್ಪಾ?" ಎಂದು ನಕ್ಕ.

"ಹುಲ್ಲು."

ಮಗಳ ಮುಖ ನೋಡಿ ಅವನ ನಗು ನಿಂತಿತು.

ಮೇಷ್ಟ್ರು ಹೇಗೋ ಪ್ರಿನ್ಸಿಪಾಲರನ್ನು ಒಪ್ಪಿಸಿದರು. ರಜೆಯಲ್ಲಿ ಹುಡುಗಿಯರು ಕಲ್ಲು ಆಯ್ದರು. ಮುದ್ದಪ್ಪ ದಿನಕ್ಕೊಂದು ಕಡೆ ಬಲೆ ಕಟ್ಟಿ ಮಂದೆ ತರುಬಿದ. ಸಂಜೆ ಕೆಂಧೂಳಿನಲ್ಲಿ ಕುರಿಗಳು ಗೋಲಿನ ಕಂಬಗಳ ನಡುವೆ ಹಾದು ಒಳಬರುವಾಗ ಕಾವ್ಯಶ್ರೀ ಒಂದನ್ನೂ ತಡೆಯಲಿಲ್ಲ. ಆಮೇಲೆ ರೋಹಿಣಿ ಮಳೆ ಸುರಿಯಿತು.

ಕಾಲೇಜು ತೆರೆದ ದಿನ ಗೇಟಿನಿಂದಲೇ ಹಸಿರು ಕಂಡಿತು. ಅವಳು ಚಪ್ಪಲಿ ಕಳಚಿ, ಬ್ಯಾಗು ಎಸೆದು ಓಡಿದಳು. ನಡುಮೈದಾನದಲ್ಲಿ ಅಂಗಾಲಿಗೆ ಏನೋ ಚುರ್ರೆಂದಿತು. ಬಗ್ಗಿ ನೋಡಿದಳು. ಹುಲ್ಲಲ್ಲ, ಜಾಲಿ. ಬೆರಳುದ್ದದ ಬಳ್ಳಾರಿ ಜಾಲಿಯ ಸಸಿಗಳು, ಮೈದಾನದ ತುಂಬ.

"ಬ್ಯಾಸಿಗೇಲಿ ಹಗಲೊತ್ತು ಕುರಿ ನೀರಿನ ಚಾನೆಲ್ ದಂಡೇಲಿ ಜಾಲಿಕಾಯಿ ಮೇಯ್ತಿದ್ವು ಕಣವ್ವ," ಎಂದ ಮುದ್ದಪ್ಪ ಫೋನಿನಲ್ಲಿ. "ಬೀಜ ಹಿಕ್ಕೇಲಿ ಬಂದೈತೆ. ಹೊಲ ಆದ್ರೆ ಉತ್ತು ಬಿಡ್ತಾರೆ, ಮೊಳಕೆ ಸಾಯ್ತವೆ. ನಿಮ್ದು ಉಳಾ ಹೊಲ ಅಲ್ಲ, ಆಡಾ ಹೊಲ ಅನ್ನಾದು ನನ್ ತಲೀಗೇ ಬರ್ಲಿಲ್ಲ."

ಕಾವ್ಯಶ್ರೀ ಅತ್ತಳು, ಮರೆಮಾಚಲೂ ಹೋಗಲಿಲ್ಲ. ಕುರಿಗಳ ನಡುವೆ ಬೆಳೆದ ಅವಳಿಗೂ ಅದು ಹೊಳೆದಿರಲಿಲ್ಲ. ಕನಸು ಕಾಣುವವರ ಕಣ್ಣಿಗೆ ಬೀಜ ಎಲ್ಲಿ ಬೀಳುತ್ತದೆ!

"ಈ ವರ್ಸ ಬಿಟ್ಟುಬಿಡಾಣಮ್ಮ," ಎಂದರು ಮೇಷ್ಟ್ರು ಮೆಲ್ಲಗೆ. "ಜಾಲಿ ಬೇರು ಇಳಿದ್ರೆ ಮುಗೀತು, ಜೆಸಿಬಿನೇ ಬರ್ಬೇಕು."

"ಇಳಿಯಾಕೆ ಮುಂಚೆ ಕಿತ್ರೆ ಸಾರ್?"

"ಇಷ್ಟನ್ನೂನಾ?"

ಅವಳು ಗೋಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. ಹಸಿ ನೆಲ, ಎಳೆದರೆ ಬೇರು ಸಮೇತ ಬರುತ್ತಿತ್ತು. ಸ್ವಲ್ಪ ಹೊತ್ತಿಗೆ ರೋಜಾ ಬಂದಳು, ಅವಳ ಹಿಂದೆ ಉಳಿದವರು. ಡಿಗ್ರಿ ಮುಗಿಸಿ ಹೋಗಿದ್ದ ರಮ್ಯಾಳೂ ಮಾರನೆಯ ದಿನ ಬಂದಳು. "ನಂಗೇನು ಆಡಾದೈತೆ? ಮನೇಲಿ ಕುಂತು ಬ್ಯಾಸರ ಆಗಿತ್ತು," ಎಂದು ಚೂಡಿದಾರದ ವೇಲನ್ನು ಸೊಂಟಕ್ಕೆ ಬಿಗಿದು ಕುಳಿತಳು. ಮೇಷ್ಟ್ರು ಟೀಮಿನ ಮಾತೆತ್ತಲಿಲ್ಲ. ಆದರೆ ವಾರದ ಕೊನೆಗೆ ಪ್ಯಾಂಟು ಮಡಚಿ ಆಚೆ ಗೋಲಿನ ಬಳಿ ತಾವೂ ಕುಳಿತರು.

ಒಂದು ಬೆಳಿಗ್ಗೆ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೈದಾನದ ಅಂಚಿನಲ್ಲಿ ನಿಂತು ನೋಡುತ್ತಿದ್ದಳು. ಇಷ್ಟು ಜನ ನೆಲದಲ್ಲಿ ಹುಡುಕುತ್ತಿರುವುದೇನೆಂದು ಅವಳಿಗೆ ಬಗೆಹರಿಯಲಿಲ್ಲ.

"ಏನ್ ಕಳ್ಕಂಡೀರಕ್ಕ, ಎಲ್ರೂ?"

"ಹೋದ ವರ್ಸದ ಮ್ಯಾಚೆಲ್ಲ," ಎಂದಳು ಕಾವ್ಯಶ್ರೀ.

ಹುಡುಗಿ ಕಿಸಕ್ಕನೆ ನಕ್ಕು, ಬ್ಯಾಗು ಕೆಳಗಿಟ್ಟು, ಕೇಳದೆಯೇ ಪಕ್ಕದಲ್ಲಿ ಕುಳಿತಳು. ಕೈ ಚುರುಕಿತ್ತು. ಜಾಲಿಯೊಂದನ್ನು ಕಿತ್ತವಳು ಅದರ ಬುಡದಲ್ಲಿ ಏನನ್ನೋ ಕಂಡು ಕೈ ತಡೆದಳು.

"ಇದನ್ನೂ ಕೀಳ್ಲಾ ಅಕ್ಕ?"

ಗರಿಕೆಯ ಎರಡು ಎಸಳು, ಇಬ್ಬನಿಗೆ ತುಸು ಬಾಗಿದ್ದವು.

"ಬ್ಯಾಡ," ಎಂದಳು ಕಾವ್ಯಶ್ರೀ. ಅದರ ಬುಡಕ್ಕೆ ಹೆಬ್ಬೆರಳಿನಿಂದ ಮಣ್ಣು ಒತ್ತಿ, ಮುಂದಿನ ಜಾಲಿಗೆ ಕೈ ಚಾಚಿದಳು.