ಕಾರ್ಡಿನ ಮೂಲೆ

ಲಕ್ವ ಹೊಡೆದಾಗ ಡಾಕ್ಟರರ ಕೈಕಾಲು ಉಳಿದವು, ನೆನಪಿನಲ್ಲಿ ಮಾತ್ರ ಅಲ್ಲಲ್ಲಿ ತೂತುಬಿತ್ತು. ಔಷಧಿಯ ಹೆಸರೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು; ಎದುರಿಗೆ ಕೂತವರು ಯಾರೆಂಬುದೇ ಹೊಳೆಯುತ್ತಿರಲಿಲ್ಲ. ಕ್ಲಿನಿಕ್ ಮುಚ್ಚುತ್ತೇನೆಂದು ಗೋಡೆಗೆ ಮುಖಮಾಡಿ ಮಲಗಿದವರನ್ನು ಎಬ್ಬಿಸಿದವಳು ತಂಗಿ. "ರೋಗಿಗಳ ಕಾರ್ಡೆಲ್ಲ ಕಂಪ್ಯೂಟರಿಗೆ ಹಾಕ್ತೀನಿ. ನೀನು ನೆನಪಿಟ್ಕೊಳ್ಳೋದೇ ಬೇಡ ಅಣ್ಣಾ."

ಅದಕ್ಕೆ ಅವಳು ಆರಿಸಿದ್ದು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಬಿಚ್ಚಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಎಲ್ಲೆಲ್ಲಿಯೋ ಕೂತ ಅಪರಿಚಿತರು ಅವಳ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟಿದ್ದರು.

"ಪುಕ್ಕಟೆ ಅಂದ್ರೆ ಏನೋ ಮೋಸ ಇರತ್ತೆ," ಎಂದಿದ್ದರು ಡಾಕ್ಟರು.

"ನೆಂಟರ ಹತ್ರ ನೀನು ಫೀಸ್ ತಗೋತೀಯಾ? ಇದೂ ಹಾಗೇ."

ಲಕ್ವ ಹೊಡೆದ ಮೇಲೆ ಅಣ್ಣ ನಕ್ಕದ್ದು ಅದೇ ಮೊದಲು. ಆ ನಗುವಿಗಾಗಿ ಅವಳು ಊಟ ನಿದ್ದೆ ಬಿಟ್ಟು ಕೂತಳು.

ಇಂದು ಕ್ಲಿನಿಕ್ ಮತ್ತೆ ತೆರೆದಿತ್ತು. ಮೊದಲಿಗೆ ಬಂದ ಅಜ್ಜಿಯ ಎದೆಯಲ್ಲಿ ಕಫ ಗೊರಗೊರ ಎನ್ನುತ್ತಿತ್ತು. ಡಾಕ್ಟರು ಕಂಪ್ಯೂಟರಿನ ಪರದೆಯಲ್ಲಿ ಅವಳ ಕಾರ್ಡು ನೋಡುತ್ತಿದ್ದರು.

"ಡಾಕ್ಟ್ರೇ, ಟೀವಿ ನೋಡ್ತಾ ನನ್ನ ಮರೆತುಬಿಟ್ಟೀರಾ!"

"ಇದರಲ್ಲಿ ನಿಮ್ಮದೇ ಕತೆ ಅಜ್ಜಿ, ಬೇರೇನೂ ಬರಲ್ಲ," ಎಂದಳು ತಂಗಿ.

ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಂಡರು. ಚುಚ್ಚುವ ಮೊದಲು ಅವರ ಎಡಗೈ ಹೆಬ್ಬೆರಳು ತಾನಾಗಿಯೇ ಹೋಗಿ ಪರದೆಯ ಮೇಲ್ಮೂಲೆಯನ್ನು ಸವರಿತು. ಮತ್ತೊಮ್ಮೆ ಸವರಿತು.

"ಮಡಚಿದ್ದು ಎಲ್ಲಿ ಕಾಣತ್ತೆ ಪುಟ್ಟಿ?"

"ಯಾವ ಮಡಚಿದ್ದು?"

"ಕಾರ್ಡಿನ ಮೂಲೆ. ಈ ಇಂಜೆಕ್ಷನ್ ಆಗಿಬರದೆ ಇರೋರದ್ದು ಮಡಚ್ತಿದ್ದೆ. ಬರೆದ್ರೆ ಓದ್ಬೇಕು. ಇದು ಬೆರಳಿಗೇ ಸಿಗತ್ತೆ."

ತಂಗಿ ಮೌಸಿನಿಂದ ಕೈ ತೆಗೆದಳು. ಮಡಚಿದ ಮೂಲೆಗಳು ಸ್ಕ್ಯಾನರಿಗೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಬೇಸತ್ತು, ಎಲ್ಲ ಕಾರ್ಡುಗಳನ್ನೂ ಕಟ್ಟುಕಟ್ಟಾಗಿ ಪೇಪರ್ ಕಟರಿನ ಕೆಳಗಿಟ್ಟು ಮೇಲಿನ ಅಂಚನ್ನು ಸಮವಾಗಿ ಕತ್ತರಿಸಿದ್ದಳು. ಅಚ್ಚುಕಟ್ಟು ಅವಳ ಹುಟ್ಟುಗುಣ. ಚೂರುಗಳು ಅಂದೇ ಕಸದ ಗಾಡಿಗೆ ಹೋಗಿದ್ದವು. ಬರಹದಲ್ಲಿ ಅಲರ್ಜಿಯ ಮಾತೇ ಸಿಗದ ಕಡೆಯೆಲ್ಲ 'ಇಲ್ಲ' ಎಂದು ತುಂಬಿದ್ದಳು. ಅಜ್ಜಿಯ ಹೆಸರಿನ ಕೆಳಗೂ ಅದೇ 'ಇಲ್ಲ' ನಿಶ್ಚಿಂತೆಯಾಗಿ ಕೂತಿತ್ತು.

"ಕತ್ತರಿಸಿಬಿಟ್ಟೆ ಅಣ್ಣಾ. ಎಲ್ಲಾನೂ."

ಡಾಕ್ಟರು ಸಿರಿಂಜನ್ನು ತಟ್ಟೆಯಲ್ಲಿಟ್ಟರು. "ಅಜ್ಜಿ, ಈ ಇಂಜೆಕ್ಷನ್ ಯಾವತ್ತಾದ್ರೂ ಮೈಗೆ ಆಗದೆ ಹೋಗಿತ್ತಾ?"

"ನನಗೇನು ಗೊತ್ತಪ್ಪಾ? ಅದೆಲ್ಲ ನೀವು ನೋಡ್ಕೋತೀರಲ್ಲ."

ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ ಬರೆದುಕೊಟ್ಟು ಕಳಿಸಿದರು. ತಂಗಿ ಕಪಾಟಿನಿಂದ ಒಂದು ಕಟ್ಟು ತಂದಳು. ಡಾಕ್ಟರು ಅಂಚಿನ ಮೇಲೆ ಹೆಬ್ಬೆರಳು ಓಡಿಸಿದರು. ನುಣ್ಣಗಿತ್ತು.

"ಹೊಸ ಕಾಲಂ ಸೇರಿಸ್ತೀನಿ," ಎಂದಳು ಅವಳು. "ಇದರಲ್ಲಿ ಏನು ಬೇಕಾದ್ರೂ ಸೇರಿಸಬಹುದು."

"ಸೇರಿಸಿ, ಏನು ತುಂಬ್ತೀಯಾ?"

ಬೈದಿದ್ದರೆ ಅವಳು ಅಳಬಹುದಿತ್ತು. ಅವರು ಬೈಯಲಿಲ್ಲ. "ನಾನೇ ಹೇಳಿರಲಿಲ್ಲ ಬಿಡು," ಎಂದರು. ಹೊರಗೆ ಬೆಂಚಿನಲ್ಲಿ ಯಾರೋ ಕೆಮ್ಮಿದರು.

"ಮುಂದಿನೋರು ಬನ್ನಿ," ಎಂದಿತು ಡಾಕ್ಟರರ ಬಾಯಿ, ರೂಢಿಯಂತೆ.

ಬಾಗಿಲು ತೆರೆಯುವಷ್ಟರಲ್ಲಿ ಅವರು ಕೊರಳಿನಿಂದ ಸ್ಟೆತಸ್ಕೋಪ್ ತೆಗೆದು, ಸುತ್ತಿ, ತಂಗಿಯ ಕೈಗಿತ್ತರು.

"ಕ್ಲಿನಿಕ್ ಮುಚ್ಚಿತು ಅಂತ ನೀನೇ ಹೇಳಿಬಿಡು ಪುಟ್ಟಿ. ನನ್ನ ಕೈಲಾಗಲ್ಲ."